ವಾರ್ತೆ ಓದೋ ಗೊಂಬೆಯ ಮೈಬಣ್ಣ



2023ರ ಜುಲೈನಲ್ಲಿ ಪವರ್ ಟಿವಿ ಕನ್ನಡದ ಮೊದಲ ಎಐ ನಿರೂಪಕಿಯನ್ನು ತಂದಿತು. ಹೆಸರೇ ‘ಸೌಂದರ್ಯ’. ಅದೇ ತಿಂಗಳು ಒಡಿಶಾ ಟಿವಿಯಲ್ಲಿ ‘ಲೀಸಾ’ ಬಂದಳು. ಉಟ್ಟಿದ್ದು ಅಲ್ಲಿನ ಕೈಮಗ್ಗದ ಸೀರೆ. ಸೀರೆ ಊರಿನದು, ಬೆಳ್ಳನೆ ಮುಖ ಮಾತ್ರ ಜಾಹೀರಾತಿನದು.

ಈ ಮುಖ ಕಂಪ್ಯೂಟರಲ್ಲಿ ಹುಟ್ಟಿದ್ದಲ್ಲ ಅಂತ ನನ್ನ ವಾದ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದ ಮೇಲೆ ಬೆಳ್ಳನೆ ಲಕ್ಷ್ಮಿ, ಸರಸ್ವತಿಯರು ಮನೆಮನೆ ಗೋಡೆ ಹತ್ತಿದರು. ಕ್ಯಾಲೆಂಡರು, ಸಿನಿಮಾ, ಕ್ರೀಮಿನ ಜಾಹೀರಾತು ಎಲ್ಲಾ ಅದನ್ನೇ ನಕಲು ಹೊಡೆದವು. ಎಐ ಕಲಿಯೋದೂ ಅಂಥಾ ಚಿತ್ರಗಳ ರಾಶಿಯಿಂದಲೇ.

ಹಾಗಾದರೆ ಕಪ್ಪು ಯಾರ ಪಾಲಿಗೆ? (ಕೃಷ್ಣನಿಗೆ ಅನ್ನಬೇಡಿ, ಅವನಿಗೂ ನೀಲಿ ಬಳಿದರು.) ಅಸುರರ ಪಾಲಿಗೆ. ನಮ್ಮ ನಂಜನಗೂಡಿನ ಅಂಧಕಾಸುರ ಸಂಹಾರದಲ್ಲಿ ಅಸುರನ ಚಿತ್ರ ಬಿಡಿಸಿ ತುಳಿಯುತ್ತಾರೆ. 2023ರ ಡಿಸೆಂಬರಿನಲ್ಲಿ ದಲಿತ ಸಂಘಟನೆಯವರು ಅದು ನಮ್ಮ ಮಹಿಷನಿಗೆ ಮಾಡೋ ಅವಮಾನ ಅಂತ ಅಡ್ಡ ನಿಂತರು. ಗಲಾಟೆಯೂ ಆಯಿತು. ಯಾರ ಮುಖವನ್ನು ಯಾರು ಬರೀತಾರೆ ಅನ್ನೋದೇ ಅಲ್ಲಿನ ಜಗಳ.

2024ರ ಮೇನಲ್ಲಿ ಡಿಡಿ ಕಿಸಾನ್ ರೈತರಿಗೆ ಅಂತಲೇ ಎಐ ಕ್ರಿಶ್, ಎಐ ಭೂಮಿಯನ್ನು ತಂತು. 50 ಭಾಷೆ ಮಾತಾಡ್ತಾರಂತೆ. ತಿ. ನರಸೀಪುರದ ಗದ್ದೇಲಿ ನಾಟಿ ಹಾಕೋ ನಮ್ಮ ಅವ್ವಂದಿರ ಬಣ್ಣ ಆ ‘ಭೂಮಿ’ಗೆ ಇಲ್ಲ.