ಬೆಲ್ಲದ ನೀರು ಕುಡಿದ ಗೋಡೆಗಳು

ನಿಮ್ಮೂರ ಹಳೇ ಗುಡಿಯ ಹಿಂದೆಯೋ ಕೋಟೆಯ ಬಳಿಯೋ ನೆಲದಲ್ಲಿ ದುಂಡಗೆ ಒಂದು ಕಲ್ಲಿನ ತೋಡು, ಪಕ್ಕದಲ್ಲಿ ದಪ್ಪ ಕಲ್ಲಿನ ಚಕ್ರ ಬಿದ್ದಿದೆಯಾ? ಅದು ಎಣ್ಣೆ ಗಾಣವಲ್ಲ, ಗಾರೆ ಅರೆಯುವ ಗಾಣ. ಎತ್ತು ಕಟ್ಟಿ ಚಕ್ರ ಉರುಳಿಸಿ ಸುಣ್ಣ, ಮರಳು ಅರೆಯುತ್ತಿದ್ದರು. ಅದಕ್ಕೆ ಇಟ್ಟಿಗೆ ಚೂರು ಸೇರಿಸಿ ಬಡಿದರೆ ಗಚ್ಚು. ಸಿಮೆಂಟ್ ಬರುವ ಮೊದಲು ನಮ್ಮ ಕಾಂಕ್ರೀಟ್ ಅಂದರೆ ಇದೇ.

ಹಿರಿಯ ಗಾರೆ ಕೆಲಸದವರನ್ನು ಮಾತಾಡಿಸಿದಾಗೆಲ್ಲ ಒಂದು ಮಾತು ಕೇಳುತ್ತೇವೆ: "ಆಗ ಬೆಲ್ಲ, ಅಳಲೆಕಾಯಿ ಹಾಕ್ತಿದ್ರು." ಮೊದಲು ಕಟ್ಟುಕಥೆ ಅಂದುಕೊಂಡಿದ್ದೆವು. ಅಲ್ಲ. ಹಳೇ ತಾರಸಿಗಳಿಗೆ ಗಚ್ಚು ಹಾಸಿ, ಸಾಲಾಗಿ ಕೂತು ಮರದ ಕೋಲುಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು.

ಇದರ ಗುಟ್ಟು ಸರಳ. ಸಿಹಿ ನೀರು ಬರೀ ನೀರಿಗಿಂತ ಹೆಚ್ಚು ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಕರಗಿದ ಸುಣ್ಣ ಸಂದುಗೊಂದಿಗೆಲ್ಲ ಇಳಿಯುತ್ತದೆ. ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ, ಸುಡುವ ಮೊದಲು ಇದ್ದಂತೆ ಮತ್ತೆ ಕಲ್ಲಾಗುತ್ತದೆ.

ಗಿಡಮರದ ರಸದಿಂದ ಕಟ್ಟಡ ಗಟ್ಟಿ ಮಾಡುವ ವಿದ್ಯೆ ಹಳೆಯದು. 6ನೇ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪ ಮಾಡುವ ಬಗೆ ಹೇಳಿದ್ದಾನೆ. ಬೇಲದಕಾಯಿ, ಬೂರುಗದ ಹೂ, ಬಜೆ ಮುಂತಾದವನ್ನು ಕುದಿಸಿ, ನೀರನ್ನು ಎಂಟನೇ ಒಂದು ಪಾಲಿಗೆ ಇಳಿಸಿ, ಗುಗ್ಗುಳದಂಥ ಅಂಟು ಬೆರೆಸಬೇಕು. ಚೀನಾದವರು ಕೋಟೆ ಗೋಡೆಗಳ ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಸುರಿದರು. ಊರಿಗೊಂದು ಬೆಳೆ, ಬೆಳೆಗೊಂದು ಗಾರೆ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಆದರೂ ಸುಣ್ಣ ಕೂಡಲೇ ಮೂಲೆ ಸೇರಲಿಲ್ಲ. 1911ರಲ್ಲಿ ಕೆಲಸ ಶುರುವಾದ ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವುದು ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆಯ ಮೇಲೆ.

ಇಷ್ಟು ಓದಿ ಮನೆ ಕಟ್ಟುವವರು ಸಿಮೆಂಟಿಗೆ ಬೆಲ್ಲ ಸುರಿಯಬೇಡಿ! ಸುಣ್ಣಕ್ಕೆ ಹಿತವಾದದ್ದು ಸಿಮೆಂಟಿಗೆ ಆಗಿಬರುವುದಿಲ್ಲ. ಚಿಟಿಕೆ ಸಕ್ಕರೆ ಸೇರಿದರೂ ಸಿಮೆಂಟ್ ಬಿಗಿಯುವುದು ತಡವಾಗುತ್ತದೆ, ಹೆಚ್ಚಾದರೆ ಕೆಲಸವೇ ಕೆಡುತ್ತದೆ. ಸಿಮೆಂಟಿಗೂ ಗಿಡಮರದ ನೆರವುಂಟು, ಆದರೆ ಅಳತೆಯಲ್ಲಿ. ಕಾಗದಕ್ಕಾಗಿ ಮರ ಬೇಯಿಸಿದಾಗ ಉಳಿಯುವ ಲಿಗ್ನಿನ್ನಿಂದ ಮಾಡಿದ ದ್ರವ ಬೆರೆಸಿದರೆ ಕಾಂಕ್ರೀಟಿಗೆ ನೀರು ಕಮ್ಮಿ ಸಾಕು. ನೀರು ಕಮ್ಮಿಯಾದರೆ ಬಲ ಜಾಸ್ತಿ.

ತಿರುಗಾಮುರುಗಾ ಮಾಡಿದರೂ ತಪ್ಪೇ. ನಾವು ಸುದ್ದಿಗೆಂದು ಹೋದ ಊರೊಂದರಲ್ಲಿ ಹಳೇ ಗುಡಿಯ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದ್ದರು. ಎರಡು ಮಳೆಗಾಲಕ್ಕೆ ಗಿಲಾವು ಉಬ್ಬಿ, ಒಳಗಿನ ಇಟ್ಟಿಗೆಯನ್ನೂ ಕಿತ್ತುಕೊಂಡು ಉದುರಿತ್ತು. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ, ಉಪ್ಪು ಒಳಗೇ ಸಿಕ್ಕಿಕೊಂಡು ಗೋಡೆಯನ್ನು ತಿನ್ನುತ್ತವೆ.

ಹಾಗಾಗಿ ನಿಮ್ಮೂರ ಗುಡಿ, ಕಲ್ಯಾಣಿ ರಿಪೇರಿಯ ಮಾತು ಬಂದಾಗ ಮೊದಲು ಒಂದು ಪ್ರಶ್ನೆ ಕೇಳಿ: "ಇದನ್ನು ಕಟ್ಟಿದ್ದು ಯಾವ ಗಾರೆಯಲ್ಲಿ?" ಉತ್ತರ ಬಲ್ಲ ಅಜ್ಜ ಇನ್ನೂ ಜಗಲಿ ಮೇಲೆ ಕೂತಿರಬಹುದು. ಇವತ್ತೇ ಹೋಗಿ ಕೇಳಿ.