ಬೇಲಿಯಿಲ್ಲದ ಪಕ್ಷಿಧಾಮ: ಕೊಕ್ಕರೆ ಬೆಳ್ಳೂರು

ತರಗತಿಯಲ್ಲಿ ಪಕ್ಷಿಧಾಮಗಳ ಮಾತು ಬಂದಾಗ ನಾವು ಉಪಾಧ್ಯಾಯರು ಮೊದಲು ಹೇಳುತ್ತಿದ್ದುದು ರಂಗನತಿಟ್ಟಿನ ಹೆಸರನ್ನು. ಅದು ಸಹಜವೇ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಕಾವೇರಿಯ ಆ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿತು. ಅಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ಹರಿಯುವ ನೀರೇ ಬೇಲಿ. ಆದರೆ ಅದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ, ಬೇಲಿಯೇ ಇಲ್ಲದ ಇನ್ನೊಂದು ನೆಲೆಯಿದೆ. ಅದರ ಇತಿಹಾಸವು ಹಲವು ಬಗೆಯಲ್ಲಿ ಹೆಚ್ಚು ಬೋಧಪ್ರದವೆಂದು ನನಗೆ ತೋರುತ್ತದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ. ಮನೆಗಳ ಹಿತ್ತಿಲಲ್ಲಿ, ಬೀದಿಯ ಬದಿಯಲ್ಲಿ ನಿಂತ ಹುಣಸೆ, ಅತ್ತಿ, ಅರಳಿ ಮರಗಳ ಮೇಲೆ. ಹಿಂದೆ ಊರು ಶಿಂಷೆಯ ದಡದಲ್ಲಿತ್ತೆಂದೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಬಂದು ಜನ ಈಗಿನ ಸ್ಥಳಕ್ಕೆ ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವೆಂದೂ ಹಿರಿಯರ ಹೇಳಿಕೆ. ಚಳಿಗಾಲದ ಹೊತ್ತಿಗೆ ಬಂದು, ಮರಿ ಮಾಡಿ, ಮಳೆಗಾಲದ ಹೊಸ್ತಿಲಲ್ಲಿ ಹೊರಟುಹೋಗುವ ಈ ಹಕ್ಕಿಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಅವು ಬಾರದ ವರ್ಷ ಊರಿಗೆ ಒಳಿತಲ್ಲವೆಂಬ ನಂಬಿಕೆಯೂ ಇದೆ.

ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಇತ್ತೆಂಬುದನ್ನು ಮರೆಯಬಾರದು. ಮರದ ಬುಡದಲ್ಲಿ ಗುಂಡಿ ತೋಡಿ ಕೆರೆಯ ಗೋಡು ತುಂಬಿದರೆ, ಮೇಲಿಂದ ಬಿದ್ದ ಹಿಕ್ಕೆ ಅದರೊಡನೆ ಬೆರೆತು ಉತ್ತಮ ಗೊಬ್ಬರವಾಗುತ್ತಿತ್ತು. ರಾಸಾಯನಿಕ ಗೊಬ್ಬರ ಅಂಗಡಿಗೆ ಬರುವ ಮೊದಲು ಇದೇನು ಸಣ್ಣ ಲಾಭವೆ?

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಿಗೆ ಲಕ್ಷಗಟ್ಟಲೆ ಸಾಲುಮರಗಳನ್ನು ಕೊಟ್ಟವರೂ ಇವರೇ. ಬೆಳ್ಳೂರಿನ ಸಮಸ್ಯೆಯ ಮೂಲವು ಹುಣಸೆ ಮರದಲ್ಲಿತ್ತು. ಹಕ್ಕಿ ಗೂಡು ಕಟ್ಟಿದ ಮರದ ಹುಣಸೆಹಣ್ಣನ್ನು ಬಡಿಯುವಂತಿಲ್ಲ, ಫಸಲು ನಷ್ಟ. ಮರವೋ ಖಾಸಗಿ ಸ್ವತ್ತು. ಕಡಿದು ಸೌದೆಗೆ ಮಾರಿದರೆ ಒಮ್ಮೆಗೇ ಕೈತುಂಬ ಹಣ. ಈ ಪ್ರಲೋಭನೆಯನ್ನು ತಡೆಯಲು ಅರಣ್ಯ ಇಲಾಖೆಯು ಗೂಡುಮರಗಳ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿಯನ್ನು ತಂದಿತು. ಹಕ್ಕಿಯ ಬಾಡಿಗೆಯನ್ನು ಸರ್ಕಾರವೇ ತೆತ್ತಂತೆ! ಸಾರ್ವಜನಿಕ ಹಣದಿಂದ ಭೂಮಿಯನ್ನು ಕೊಳ್ಳದೆ, ಜನರನ್ನು ಎಬ್ಬಿಸದೆ ನಡೆದ ಸಂರಕ್ಷಣೆ ಇದು. ಆದರೆ ಆ ಮೊತ್ತವು ಹಣ್ಣಿನ ಬೆಲೆಗೂ ಮರದ ಬೆಲೆಗೂ ಸಾಟಿಯಾಗದೆಂಬ ದೂರು ಊರಿನಲ್ಲಿ ಕೇಳಿಬರುತ್ತಲೇ ಇತ್ತು. ಗೂಡುಮರಗಳು ಒಂದೊಂದಾಗಿ ಕಡಿಮೆಯಾದವು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳು ಊರಿಗೆ ಬಂದು, ಸ್ಥಳೀಯ ಯುವಕರೊಡನೆ 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಆವರಣದೊಳಗಿಟ್ಟು ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕೆಲಸ ಆರಂಭವಾಯಿತು. ಅಲ್ಲಿಯವರೆಗೆ ಬಿದ್ದ ಮರಿ ನಾಯಿಯ ಪಾಲಾಗುತ್ತಿತ್ತು. ಹಣ ಮಾಡಲಾರದ ಕೆಲಸವನ್ನು ಊರ ಹುಡುಗರ ಹೆಮ್ಮೆ ಮಾಡಿತು.

ಕಾನೂನು ಬಂದದ್ದು ಎಲ್ಲಕ್ಕಿಂತ ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯು 'ಸಮುದಾಯ ಮೀಸಲು' ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಜನರು ತಾವಾಗಿ ಒಪ್ಪಿದ ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಹೀಗೆ ಘೋಷಿಸಬಹುದು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯಿಂದ ಐವರು, ಇಲಾಖೆಯಿಂದ ಒಬ್ಬರು ಎಂದು ಆ ತಿದ್ದುಪಡಿ ವಿಧಿಸಿತು. ಈ ಸಂಖ್ಯೆಗಳನ್ನು ಗಮನಿಸಿ: ಐದಕ್ಕೆ ಒಂದು! ರಾಷ್ಟ್ರೀಯ ಉದ್ಯಾನಗಳ ಕಾನೂನಿನಲ್ಲಿ ಕಾಣದ ಮಾತಿದು. ಆದರೆ ಒಮ್ಮೆ ಘೋಷಣೆಯಾದ ಬಳಿಕ ಭೂಬಳಕೆಯನ್ನು ಬದಲಿಸಲು ಸಮಿತಿಯ ನಿರ್ಣಯವೂ ಸರ್ಕಾರದ ಅನುಮತಿಯೂ ಬೇಕು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲಾಯಿತು.

ಆದರೂ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 2017ರ ಕೊನೆಯಿಂದ ಮುಂದಿನ ತಿಂಗಳುಗಳಲ್ಲಿ ಹಲವಾರು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಪರೀಕ್ಷೆಯಲ್ಲಿ ಜಂತುಹುಳುಗಳ ಬಾಧೆ ಕಂಡುಬಂತು. ಮೀನು ತಿಂದು ಬದುಕುವ ಹಕ್ಕಿಗೆ ಗೂಡು ಬೆಳ್ಳೂರಿನಲ್ಲಿದ್ದರೂ ಊಟ ಸುತ್ತಲಿನ ಕೆರೆಗಳಲ್ಲಿದೆ. ಅಧಿಸೂಚನೆಯ ಗಡಿಯನ್ನು ಹಕ್ಕಿ ಅರಿಯದು. ಕೆರೆಗಳು ಕೆಟ್ಟರೆ ಕಾದಿಟ್ಟ ಮರವೂ ವ್ಯರ್ಥವೇ.

ಹಾಗಾದರೆ ಸಾರ್ವಜನಿಕ ಹಣ ಏನನ್ನು ಉಳಿಸೀತು? ಪ್ರೀತಿಯನ್ನು ಹಣ ಕೊಳ್ಳಲಾರದು, ನಿಜ. ಆದರೆ ಪ್ರೀತಿಯಿರುವ ಬಡ ರೈತನು ಮಗಳ ಮದುವೆಯ ಖರ್ಚಿಗೆ ಮರ ಮಾರದಂತೆ ನೋಡಿಕೊಳ್ಳಲು ಹಣವೇ ಬೇಕು. ಆಸ್ತಿ ಪಾಲಾಗುವಾಗ ಅಣ್ಣತಮ್ಮಂದಿರು ಹುಣಸೆ ಮರಕ್ಕೂ ಬೆಲೆ ಕಟ್ಟುತ್ತಾರೆ. ಅದು ಅವರ ತಪ್ಪಲ್ಲ. ತಾಯಿತಂದೆಯರ ಕಾಲ ಮುಗಿದ ಮೇಲೆ ತವರು ಉಳಿಯುವುದೋ ಇಲ್ಲವೋ ಎಂಬುದು ಮನೆಯಲ್ಲಿ ಉಳಿದವರ ಮನಸ್ಸಿನ ಮೇಲೂ, ಅವರ ಕೈಯಲ್ಲಿ ಇರುವುದರ ಮೇಲೂ ನಿಂತಿದೆ. ಹಕ್ಕಿಗಳ ತವರಿಗೂ ಈ ಮಾತು ಸಲ್ಲುತ್ತದೆ.