ಎತ್ತಿನ ಹಲ್ಲು, ಗಾಡಿಯ ಕುತ್ತಿಗೆ: ಬಿದ್ದ ಬೈಕ್ ಕೊಳ್ಳುವ ಲೆಕ್ಕ ಬದಲಾದ ಕಥೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರೈತ ಬಾಯಿ ಬಿಡಿಸಿ ನೋಡದೆ ಎತ್ತು ಕೊಂಡವನಲ್ಲ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿತೋ ಎಂದು ನೋಡಿದರೆ ವಯಸ್ಸು ಗೊತ್ತಾಗುತ್ತಿತ್ತು. ಆಮೇಲೆ ಸುಳಿ, ಹೆಗಲು, ಗೊರಸು, ನಡಿಗೆ. ಕಡೆಗೆ ಟವೆಲ್ ಕೆಳಗೆ ಬೆರಳು ಹಿಡಿದು ದರ. ಹಣ ಕೈ ಬದಲಾದ ಕೂಡಲೇ ಎತ್ತೂ ಕೈ ಬದಲಾಯಿತು. ಹಳೇ ಯಜಮಾನನಿಗೂ ಆ ಎತ್ತಿಗೂ ಸಂಬಂಧ ಅಲ್ಲಿಗೆ ಮುಗಿಯಿತು.

ಈಗ ಅದೇ ಕಣ್ಣಿನಿಂದ ನಾವು ಹಳೇ ಬೈಕ್ ನೋಡುತ್ತೇವೆ. ಚೆಂದ ಇರುವ ಗಾಡಿಗೆ ಐವತ್ತು ಸಾವಿರ ಹೇಳುತ್ತಾರೆ. ಅದೇ ಮಾಡೆಲ್, ಅದೇ ವರ್ಷದ ಇನ್ನೊಂದು ಗಾಡಿ ಮೂವತ್ತಕ್ಕೇ ಸಿಗುತ್ತದೆ. ಯಾಕೆ ಎಂದು ಕೇಳಿದರೆ, "ಒಮ್ಮೆ ಬಿದ್ದಿತ್ರಿ, ಈಗ ಏನೂ ಇಲ್ಲ" ಅನ್ನುತ್ತಾರೆ. ತಗೊಳ್ಳಬೇಕೋ, ಬಿಡಬೇಕೋ?

ಕಳೆದ ಅರವತ್ತು ವರ್ಷಗಳಲ್ಲಿ ಗಾಡಿಯ ಬೆಲೆ ಬದಲಾಗಿದೆ, ಕಬ್ಬಿಣ ಬದಲಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕಾಗದ ಬದಲಾಗಿದೆ. ಕಬ್ಬಿಣದ ಪೆಟ್ಟು ನಮಗೆ ಕಾಣುತ್ತದೆ. ಕಾಗದದ ಪೆಟ್ಟು ಕಾಣುವುದಿಲ್ಲ. ಕಷ್ಟಕ್ಕೆ ಸಿಗುವುದು ಅಲ್ಲೇ.

ಗಾಡಿ ಸಿಗದ ಕಾಲ

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಶುರುವಾಯಿತು. 1961ರಲ್ಲಿ ನಮ್ಮದೇ ರಾಜ್ಯದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕ್ ತಯಾರಿಸತೊಡಗಿತು. 1973ರಿಂದ ಅದರ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಹಳ್ಳಿ ರಸ್ತೆಯ ಗಾಡಿ ಎಂದೇ ಹೆಸರಾಯಿತು. 1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು.

ಆಗ ಯಾವ ಕಂಪನಿ ಎಷ್ಟು ಗಾಡಿ ಮಾಡಬೇಕು ಎಂಬುದನ್ನು ಸರ್ಕಾರದ ಲೈಸೆನ್ಸ್ ತೀರ್ಮಾನಿಸುತ್ತಿತ್ತು. ಬಜಾಜ್ ಸ್ಕೂಟರ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಹೊಸದು ಕೈಗೆ ಸಿಗದ್ದರಿಂದ ಹಳೆಯದಕ್ಕೆ ಹೊಸದಕ್ಕಿಂತ ಜಾಸ್ತಿ ದರ ಬಂದದ್ದೂ ಉಂಟು. ಅಂಥ ಕಾಲದಲ್ಲಿ ಬಿದ್ದ ಗಾಡಿಯನ್ನು ಗುಜರಿಗೆ ಹಾಕುವ ಮಾತೇ ಇಲ್ಲ. ಚಾಸಿ ಸೊಟ್ಟಾದರೆ ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡುತ್ತಿದ್ದರು, ಸೀಳಿದರೆ ವೆಲ್ಡಿಂಗ್ ಹೊಡೆಯುತ್ತಿದ್ದರು. "ಬಿದ್ದರೇನು, ರಿಪೇರಿ ಮಾಡಿಸಿದರಾಯಿತು" ಎಂಬ ನಮ್ಮ ಮಾತು ಹುಟ್ಟಿದ್ದು ಆ ಬರಗಾಲದಲ್ಲಿ. ಬೇರೆ ದಾರಿ ಇಲ್ಲದಾಗ ಅದು ಜಾಣತನವೇ ಆಗಿತ್ತು.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು, 1994ರಲ್ಲಿ ಸ್ಪ್ಲೆಂಡರ್ ಬಂತು. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬೀಗ ಬಿತ್ತು. ಅಷ್ಟರಲ್ಲಿ ಸಾಲದ ಮೇಲೆ ಹೊಸ ಗಾಡಿ ಕೊಡುವ ಫೈನಾನ್ಸ್‌ಗಳೂ ಊರೂರಿಗೆ ಬಂದಿದ್ದವು. ಗಾಡಿಯ ಬರ ಮುಗಿಯಿತು. ಆದರೆ ಬರಗಾಲದ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಮುಂದಿನಿಂದ ಬಡಿದ ಗಾಡಿ

ನಮ್ಮ ಭಾಗದಲ್ಲಿ ಕಬ್ಬಿನ ಸುಗ್ಗಿ ಬಂತೆಂದರೆ ರಾತ್ರಿ ರಸ್ತೆಯ ಮೇಲೆ ಹಿಂದೀಪ ಇಲ್ಲದ ಟ್ರೇಲರ್ ನಿಂತಿರುತ್ತವೆ. ಅವುಗಳ ಹಿಂದೆ ಹೋಗಿ ಬಡಿದ ಬೈಕಿಗೂ ಕೆಸರಿನಲ್ಲಿ ಜಾರಿ ಬಿದ್ದ ಬೈಕಿಗೂ ಅಜಗಜಾಂತರ.

ಜಾರಿ ಬಿದ್ದ ಗಾಡಿಯಲ್ಲಿ ಹ್ಯಾಂಡಲ್, ಫುಟ್‌ರೆಸ್ಟ್, ಇಂಡಿಕೇಟರ್, ಲೆಗ್ ಗಾರ್ಡ್, ಸೈಲೆನ್ಸರ್ ಹಾಳಾಗಿರುತ್ತವೆ. ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನು. ಮುಂದಿನಿಂದ ಬಡಿದ ಗಾಡಿಯಲ್ಲಿ ಪೆಟ್ಟು ಮೊದಲು ಗಾಲಿಗೆ, ಆಮೇಲೆ ಫೋರ್ಕ್ ಪೈಪಿಗೆ, ಅಲ್ಲಿಂದ ಚಾಸಿಯ ಕುತ್ತಿಗೆಗೆ ಹೋಗುತ್ತದೆ. ಕುತ್ತಿಗೆ ಎಂದರೆ ಹ್ಯಾಂಡಲ್ ಕೂರುವ, ಮುಂದಿನ ಗಾಲಿಯ ಭಾರವೆಲ್ಲ ಬಂದು ಸೇರುವ ಜಾಗ. ಒಮ್ಮೆ ಮಣಿದು, ಕಾಯಿಸಿ ನೆಟ್ಟಗೆ ಮಾಡಿದ ಕಬ್ಬಿಣಕ್ಕೆ ಮೊದಲಿನ ಕಸುವು ಇರುವುದಿಲ್ಲ. ಅದು ಮತ್ತೆ ಯಾವಾಗ ಕೈಕೊಡುತ್ತದೆ ಎಂದು ಯಾವ ಮೇಸ್ತ್ರಿಯೂ ಹೇಳಲಾರ.

ಹೆಚ್ಚಿನ ಬೈಕುಗಳಲ್ಲಿ ಚಾಸಿ ನಂಬರ್ ಕೊರೆದಿರುವುದೂ ಈ ಕುತ್ತಿಗೆಯ ಮೇಲೆಯೇ. ಅಲ್ಲಿ ವೆಲ್ಡಿಂಗ್ ಗಂಟು, ಉಜ್ಜಿದ ಗುರುತು, ಅಷ್ಟಕ್ಕೇ ಹೊಡೆದ ಹೊಸ ಪೇಂಟ್ ಕಂಡರೆ ಕಬ್ಬಿಣದ ಜೊತೆಗೆ ಕಾಗದಕ್ಕೂ ಪೆಟ್ಟು ಬಿದ್ದಿರಬಹುದು. ಎತ್ತಿಗೆ ಹಲ್ಲು ಹೇಗೋ ಗಾಡಿಗೆ ಕುತ್ತಿಗೆ ಹಾಗೆ.

ಹೆಸರಿನ ಚರಿತ್ರೆ

ಎತ್ತಿಗೆ ರಿಜಿಸ್ಟರ್ ಇರಲಿಲ್ಲ. ಗಾಡಿಗೆ ಇದೆ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ, ದಾರಿಹೋಕನಿಗೆ ಆಗುವ ಅನಾಹುತಕ್ಕೆ ವಿಮೆ ಇರಲೇಬೇಕು ಎಂಬ ಅಧ್ಯಾಯವಿತ್ತು. ಅದು ಜಾರಿಗೆ ಬಂದದ್ದು 1946ರ ಜುಲೈ 1ರಂದು. ಬೆಳಗಾವಿ ಜಿಲ್ಲೆ ಆಗಿನ್ನೂ ಮುಂಬಯಿ ಪ್ರಾಂತದಲ್ಲಿತ್ತು. ನಾವು ಈಗ ಥರ್ಡ್ ಪಾರ್ಟಿ ಎಂದು ಕರೆಯುವುದು ಅದನ್ನೇ.

ಅದರ ಜಾಗಕ್ಕೆ ಬಂದ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಯಾಯಿತು. ಗಾಡಿ ರಾಜ್ಯದೊಳಗೇ ಮಾರಾಟವಾದರೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಅದಕ್ಕೆಂದೇ ಫಾರಂ 29 ಮತ್ತು ಫಾರಂ 30 ಇವೆ. ಈಗ ಗೋಕಾಕದಲ್ಲೇ ಕೆಎ-49 ಎಂಬ ಸ್ವಂತ ನಂಬರಿನ ಕಚೇರಿ ಇದೆ. ಆದರೂ ನಮ್ಮಲ್ಲಿ ಎಷ್ಟೋ ಗಾಡಿಗಳು ಎತ್ತು ಮಾರಿದ ಹಾಗೆಯೇ ಮಾರಾಟವಾಗುತ್ತವೆ. "ಹೆಸರ ಆಮೇಲೆ ಮಾಡಿಸ್ಕೊಂಡ್ರಾತು" ಎಂದು ಬಾಂಡ್ ಪೇಪರಿನ ಮೇಲೆ ಒಂದು ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಹಾಗೆ ಮಾಡಿದರೆ ಏನಾಗುತ್ತದೆ? 2009ರಲ್ಲಿ ಅಪಘಾತ ಮಾಡಿದ ಒಂದು ಕಾರಿನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಹೆಸರು ಮಾತ್ರ ಮೊದಲಿನವನದೇ ಇತ್ತು. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು 2018ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ಗಾಡಿ ಮಾರಿ ಎರಡು ವರ್ಷವಾದರೂ ಹೊಣೆ ಮಾರಾಟವಾಗಿರಲಿಲ್ಲ.

ಇದು ಮಾರುವವನಿಗೆ ಪಾಠ. ಕೊಳ್ಳುವವನಿಗೂ ಒಂದು ಪಾಠವಿದೆ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಹೊಸಬನಿಗೆ ಬರುತ್ತದೆ ಎಂದು ಕಾಯ್ದೆ ಹೇಳುತ್ತದೆ. ಗಾಡಿಗೇ ಆಗುವ ಹಾನಿಯ ವಿಮೆ ಹಾಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರ ದಶಕದ ನಡುವಿನಲ್ಲೇ ತೀರ್ಪು ಕೊಟ್ಟಿದೆ. ಪಾಲಿಸಿ ನಿಮ್ಮ ಹೆಸರಿಗೆ ಆಗದೆ ಗಾಡಿ ಮತ್ತೆ ಬಿದ್ದರೆ ಆ ಖರ್ಚು ನಿಮ್ಮದೇ.

ಟೋಟಲ್ ಲಾಸ್ ಎಂಬ ಮಾತು

2002ರ ಮೋಟಾರು ವಿಮಾ ದರಪಟ್ಟಿ ಇನ್ನೊಂದು ಲೆಕ್ಕ ತಂದಿತು. ಗಾಡಿಯ ವಿಮಾ ಮೌಲ್ಯ ವರ್ಷ ವರ್ಷ ಇಳಿಯುತ್ತದೆ. ಎರಡು ದಾಟಿ ಮೂರು ವರ್ಷದೊಳಗಿದ್ದರೆ 30% ಕಳೆಯುತ್ತಾರೆ. ರಿಪೇರಿ ಖರ್ಚು ಆ ಮೌಲ್ಯದ 75% ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಎಂದು ಲೆಕ್ಕ ಹಾಕುತ್ತಾರೆ.

ಉದಾಹರಣೆಗೆ, ಹೊಸದಿದ್ದಾಗ 90,000 ರೂಪಾಯಿ ಇದ್ದ, ಎರಡೂವರೆ ವರ್ಷದ ಗಾಡಿಯ ಮೌಲ್ಯ 63,000. ಅದರ 75% ಎಂದರೆ 47,250. ರಿಪೇರಿಗೆ ಅದಕ್ಕಿಂತ ಹೆಚ್ಚು ಬೇಕಾದರೆ ಕಂಪನಿ ರಿಪೇರಿಯ ಬದಲು ದುಡ್ಡು ಕೊಟ್ಟು ಮುಗಿಸುತ್ತದೆ. ಮುರಿದ ಗಾಡಿ ಮಾತ್ರ ಗುಜರಿಗೆ ಹೋಗಲೇಬೇಕೆಂದಿಲ್ಲ. ಯಾರೋ ಅಗ್ಗಕ್ಕೆ ಕೊಂಡು, ಹಳೇ ಸಾಮಾನು ಜೋಡಿಸಿ, ಸ್ಟಿಕ್ಕರ್ ಅಂಟಿಸಿ ಮತ್ತೆ ರಸ್ತೆಗೆ ತರುತ್ತಾರೆ. ಕಂಪನಿಯ ಲೆಕ್ಕದಲ್ಲಿ ಸತ್ತ ಗಾಡಿ ನಿಮ್ಮ ಮನೆ ಮುಂದೆ ಮೂವತ್ತು ಸಾವಿರಕ್ಕೆ ಬಂದು ನಿಲ್ಲುತ್ತದೆ.

ಇದಕ್ಕೂ ಒಂದು ಸುಳಿವು ಇದೆ. ಕ್ಲೇಮ್ ಮಾಡದ ಮಾಲೀಕನಿಗೆ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ 20%, 25%, 35% ಎಂದು ಏರುತ್ತ ಹೋಗುತ್ತದೆ. ಮೂರು ವರ್ಷ ಫುಲ್ ಇನ್ಶೂರೆನ್ಸ್ ಇದ್ದ ಗಾಡಿಯ ಪಾಲಿಸಿಯಲ್ಲಿ ಅದು ಸೊನ್ನೆ ಇದ್ದರೆ, ಯಾಕೆ ಎಂದು ಕೇಳಿ.

ಠಾಣೆ ಕಂಡ ಗಾಡಿ

ಬಿದ್ದ ಗಾಡಿಯ ಹಿಂದೆ ಬಿದ್ದ ಮನುಷ್ಯ ಇರಬಹುದು. ಪೊಲೀಸರು ವಶಪಡಿಸಿಕೊಂಡ ವಾಹನಗಳನ್ನು ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡಬಾರದು, ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಇದು ಒಳ್ಳೆಯದೇ. ಆದರೆ ಕೇಸ್ ಮುಗಿಯುವವರೆಗೆ ಮಾರಬಾರದು, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತು ಆ ಬಾಂಡ್‌ನಲ್ಲಿ ಇರುವುದುಂಟು. ಅಂಥ ಗಾಡಿಯನ್ನು ಕೊಂಡವನು ಇನ್ನೊಬ್ಬರ ಕೇಸನ್ನೂ ಮನೆಗೆ ತಂದ ಹಾಗೆ. ಆದ್ದರಿಂದ "ಹೆಂಗ ಬಿತ್ತು?" ಎನ್ನುವುದರ ಜೊತೆಗೆ "ಯಾರಿಗೆ ಏನಾತು? ಕೇಸ್ ಆಗೇತೇನು?" ಎಂದೂ ಕೇಳಬೇಕು.

ಸಂಕೇಶ್ವರ, ಹುಕ್ಕೇರಿ ಕಡೆಯವರಿಗೆ ಇನ್ನೊಂದು ಮಾತು. ಗಡಿ ಹತ್ತಿರ ಇರುವುದರಿಂದ ಎಂಎಚ್-09, ಎಂಎಚ್-10 ನಂಬರಿನ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಅಗ್ಗ ಎಂದು ಕಂಡದ್ದಕ್ಕೆ ಈ ಖರ್ಚು ಸೇರಿಸಿ ನೋಡಿ.

ಕೊಳ್ಳಬೇಕೋ, ಬಿಡಬೇಕೋ

ಪೆಟ್ಟು ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನಿಗಷ್ಟೇ ಆಗಿದ್ದು, ಆರ್‌ಸಿಯಲ್ಲಿ ಹೆಸರಿರುವವನೇ ನಿಮ್ಮ ಮುಂದೆ ನಿಂತಿದ್ದು, ಫೈನಾನ್ಸ್ ಸಾಲ ತೀರಿದ ಪತ್ರವೂ ಇದ್ದರೆ ಬಿದ್ದ ಗಾಡಿಗೆ ಹೆದರಬೇಕಿಲ್ಲ. ರಿಪೇರಿ ಖರ್ಚನ್ನು ನಿಮ್ಮ ಮೇಸ್ತ್ರಿಯಿಂದ ಬರೆಸಿ, ದರದಲ್ಲಿ ಕಳೆದು ಕೊಳ್ಳಿ. ಫೋರ್ಕ್ ಪೈಪ್ ಮಣಿದಿದ್ದರೆ ನೆಟ್ಟಗೆ ಮಾಡಿಸಬೇಡಿ, ಹೊಸದು ಹಾಕಿಸುವ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ.

ಬಿಡಬೇಕಾದವು ಮೂರು: ಕುತ್ತಿಗೆಗೆ ವೆಲ್ಡಿಂಗ್ ಬಿದ್ದ ಗಾಡಿ, ಕೇಸ್ ಬಾಕಿ ಇರುವ ಗಾಡಿ, ಹೆಸರು ಬದಲಿಸಲು ಸಬೂಬು ಹೇಳುವವನ ಗಾಡಿ. ಇವಕ್ಕೆ ಇಂತಿಷ್ಟು ರಿಯಾಯಿತಿ ಎಂಬ ದರವೇ ಇಲ್ಲ. ಪುಕ್ಕಟೆ ಕೊಟ್ಟರೂ ಬೇಡ.

ಮುಂಗಡ ಕೊಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ವಿಮೆ ಎಲ್ಲಿಯವರೆಗೆ ಇದೆ, ಸಾಲ ಇದೆಯೇ, ದಂಡ ಬಾಕಿ ಇದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಆಮೇಲೆ ಟ್ಯಾಂಕ್ ಕವರ್ ಸರಿಸಿ, ಕುತ್ತಿಗೆಯ ಮೇಲಿನ ನಂಬರನ್ನು ಆರ್‌ಸಿಯ ನಂಬರಿನೊಂದಿಗೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡಿ.

ದನದ ಸಂತೆಯಲ್ಲಿ ಬಾಯಿ ಬಿಡಿಸಿ ನೋಡಿದ್ದಕ್ಕೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಗಾಡಿಯ ಕಾಗದ ಕೇಳಿದ್ದಕ್ಕೆ ಸಿಟ್ಟಾಗುವವನಿಂದ ಏನನ್ನೂ ಕೊಳ್ಳಬೇಡಿ.